ಬೆಂಕಿ, ಮಣ್ಣು, ಬೂದಿ: ಮನುಷ್ಯಮೂಲ ಮತ್ತು ಕಷ್ಟಮೂಲದ ಗ್ರೀಕ್ ಪುರಾಣಗಳು, ಮೈಸೂರು ಸೀಮೆಯ ಕಥನಗಳೊಡನೆ

ಮೈಸೂರು ನಗರದ ಈಶಾನ್ಯ ಭಾಗದಲ್ಲಿರುವ ರಾಜೀವನಗರದಲ್ಲಿ ಕನ್ನಡವೂ ಉರ್ದುವೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಅಲ್ಲಿ ಕನ್ನಡದಲ್ಲಿ 'ಮನುಷ್ಯ' ಎಂದವನು ತನಗೆ ಅರಿವಿಲ್ಲದೆಯೇ ಮನುವಿನ ವಂಶವನ್ನು ಹೆಸರಿಸಿರುತ್ತಾನೆ. ಉರ್ದುವಿನಲ್ಲಿ 'ಆದ್ಮಿ' ಎಂದವನು ಆದಮನ ಸಂತಾನವನ್ನು ಹೆಸರಿಸಿರುತ್ತಾನೆ. ಎರಡು ಪದಗಳೂ ಮಡಿಸಿಟ್ಟ ಪುರಾಣಗಳು. ಪ್ರಾಚೀನ ಗ್ರೀಕರಿಗೂ ಇಂಥದೊಂದು ಪದವಿತ್ತು. ಅವರ ಭಾಷೆಯಲ್ಲಿ 'ಲಾಓಸ್' ಎಂದರೆ ಜನ, 'ಲಾಅಸ್' ಎಂದರೆ ಕಲ್ಲು. ಈ ಧ್ವನಿಸಾಮ್ಯವನ್ನು ಇಂದಿನ ಭಾಷಾಶಾಸ್ತ್ರ ವ್ಯುತ್ಪತ್ತಿಯೆಂದು ಒಪ್ಪುವುದಿಲ್ಲ. ಆದರೆ ಗ್ರೀಕರು ಅದನ್ನು ಒಪ್ಪಿದ್ದರು. ಪ್ರಳಯದ ಬಳಿಕ ಜನರು ಕಲ್ಲುಗಳಿಂದ ಎದ್ದು ಬಂದರೆಂಬ ಕಥೆಗೆ ಅದನ್ನೇ ಸಾಕ್ಷಿಯಾಗಿ ನಿಲ್ಲಿಸಿದ್ದರು.

ಮನುಷ್ಯನು ಎಲ್ಲಿಂದ ಬಂದನೆಂಬ ಪ್ರಶ್ನೆ ಯಾವ ಜನಾಂಗದ ಪುರಾಣದಲ್ಲಿಯೂ ಒಂಟಿಯಾಗಿ ಬರುವುದಿಲ್ಲ. ಅದರ ಬೆನ್ನಿಗೇ, ಬಂದವನಿಗೆ ಇಷ್ಟೊಂದು ಕಷ್ಟ ಏಕೆ ಬಂತು, ಯಾರಿಂದ ಬಂತು ಎಂಬ ಎರಡನೆಯ ಪ್ರಶ್ನೆ ಇರುತ್ತದೆ. ಮೊದಲನೆಯದು ಕುತೂಹಲದ ಪ್ರಶ್ನೆ; ಎರಡನೆಯದು ಆರೋಪದ ಪ್ರಶ್ನೆ. ಆರೋಪವನ್ನು ಯಾರ ತಲೆಗೆ ಕಟ್ಟಲಾಯಿತು ಎಂಬುದರ ಮೇಲೆ ಆ ಸಮಾಜದ ನಡೆನುಡಿಗಳೂ ನಿಂತಿರುತ್ತವೆ. ಗ್ರೀಕ್ ಪುರಾಣಗಳನ್ನು ಈ ದೃಷ್ಟಿಯಿಂದ, ಮೈಸೂರು ಸೀಮೆಯಲ್ಲಿ ಇಂದಿಗೂ ಜೀವಂತವಾಗಿರುವ ಕಥನಗಳ ಪಕ್ಕದಲ್ಲಿಟ್ಟು ನೋಡಿದರೆ, ಪರಿಚಿತವೆಂದು ತೋರುವ ಪಂಡೋರಳ ಕಥೆಯೇ ಬೇರೊಂದು ಮುಖವನ್ನು ತೋರುತ್ತದೆ.

ಕನ್ನಡಕ್ಕೆ ಗ್ರೀಸ್ ಪರಿಚಯವಾದದ್ದು ಮುಖ್ಯವಾಗಿ ನಾಟಕದ ಮೂಲಕ. ಬಿ.ಎಂ. ಶ್ರೀಕಂಠಯ್ಯನವರು ಸಾಫೊಕ್ಲಿಸನ ನಾಟಕವೊಂದನ್ನು ಮಹಾಭಾರತದ ವಸ್ತುವಿಗೆ ಹೊಂದಿಸಿ 1929ರಲ್ಲಿ 'ಅಶ್ವತ್ಥಾಮನ್' ರಚಿಸಿದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಿಸಿದರು. ಹೀಗೆ ನಮ್ಮ ಮನಸ್ಸಿನಲ್ಲಿ ನೆಲೆಗೊಂಡ ಗ್ರೀಸ್ ಅರಸರ, ವೀರರ, ರುದ್ರನಾಟಕದ ಗ್ರೀಸ್. ಆದರೆ ಮನುಷ್ಯನ ಕಷ್ಟದ ಮೂಲವನ್ನು ಹೇಳಿದ ಗ್ರೀಕ್ ಕವಿ ಅರಮನೆಯವನಲ್ಲ, ಆತನೊಬ್ಬ ಒಕ್ಕಲಿಗ.

ಕ್ರಿ.ಪೂ. 700ರ ಆಸುಪಾಸಿನಲ್ಲಿದ್ದ ಹೆಸಿಯಡ್ ಮಧ್ಯ ಗ್ರೀಸಿನ ಬಿಯೋಷಿಯ ಪ್ರಾಂತದ ಆಸ್ಕ್ರ ಎಂಬ ಹಳ್ಳಿಯವನು. ತಂದೆ ಬಡತನದಿಂದ ಓಡಿಬಂದು ಹೆಲಿಕಾನ್ ಬೆಟ್ಟದ ತಪ್ಪಲಿನಲ್ಲಿ ನೆಲೆಸಿದ್ದನೆಂದೂ, ಆ ಊರು ಚಳಿಗಾಲಕ್ಕೂ ಬೇಸಗೆಗೂ ಒಗ್ಗದ ಊರೆಂದೂ ಅವನೇ ದೂರಿಕೊಂಡಿದ್ದಾನೆ. ಆಸ್ತಿ ಪಾಲಿನ ವಿಷಯದಲ್ಲಿ ತಮ್ಮನಾದ ಪರ್ಸಿಸನೊಡನೆ ಅವನಿಗೆ ವ್ಯಾಜ್ಯವಿತ್ತು. ಲಂಚ ತಿಂದು ತೀರ್ಪು ಕೊಡುವ ಪ್ರಭುಗಳ ಮೇಲೆ ಸಿಟ್ಟಿತ್ತು. ಅವನ ಎರಡು ಕಾವ್ಯಗಳಲ್ಲಿ ಒಂದು ದೇವತೆಗಳ ವಂಶಾವಳಿ. ಇನ್ನೊಂದು 'ಕೆಲಸಗಳು ಮತ್ತು ದಿನಗಳು' ಎಂಬ ಅರ್ಥದ ಹೆಸರುಳ್ಳದ್ದು. ಈ ಎರಡನೆಯದು ಮೇಲ್ನೋಟಕ್ಕೆ ತಮ್ಮನಿಗೆ ಹೇಳಿದ ಬುದ್ಧಿಮಾತು: ಯಾವಾಗ ಉಳಬೇಕು, ಯಾವಾಗ ಕೊಯ್ಯಬೇಕು, ನೆರೆಯವನೊಡನೆ ಹೇಗಿರಬೇಕು. ಮನುಷ್ಯನ ಸಂಕಟದ ಪುರಾಣವು ಬರುವುದು ಈ ಬೇಸಾಯದ ಪಾಠದ ನಡುವೆ, 'ಏಕೆ ದುಡಿಯಬೇಕು' ಎಂಬ ಪ್ರಶ್ನೆಗೆ ಉತ್ತರವಾಗಿ. ಇದನ್ನು ಮರೆತರೆ ಪುರಾಣದ ಅರ್ಧ ಅರ್ಥವೇ ಹೋಗುತ್ತದೆ.

ಹೆಸಿಯಡ್ ಹೇಳುವ ಕಥೆ ಹೀಗಿದೆ. ಮೆಕೋನೆ ಎಂಬಲ್ಲಿ ದೇವತೆಗಳಿಗೂ ಮನುಷ್ಯರಿಗೂ ಪಾಲು ಹಂಚುವ ಸಂದರ್ಭದಲ್ಲಿ ಪ್ರೊಮಿಥಿಯಸ್ ಒಂದು ದೊಡ್ಡ ಎತ್ತನ್ನು ಕಡಿದು, ಒಳ್ಳೆಯ ಮಾಂಸವನ್ನು ಹೊಟ್ಟೆಯ ಚೀಲದಲ್ಲಿ ಮರೆಮಾಡಿ, ಬರಿಯ ಮೂಳೆಗಳ ಮೇಲೆ ಹೊಳೆಯುವ ಕೊಬ್ಬನ್ನು ಹೊದಿಸಿ ದೇವರಾಜ ಜೀಯಸನ ಮುಂದಿಟ್ಟನು. ಜೀಯಸ್ ಕೊಬ್ಬಿನ ಪಾಲನ್ನೇ ಎತ್ತಿಕೊಂಡನು. ರೊಚ್ಚಿಗೆದ್ದು ಮನುಷ್ಯರಿಂದ ಬೆಂಕಿಯನ್ನು ಅಡಗಿಸಿದನು. ಪ್ರೊಮಿಥಿಯಸ್ ಸೋಂಪಿನ ಜಾತಿಯ ದೊಡ್ಡ ಗಿಡದ ಕಾಂಡದಲ್ಲಿ ಕಿಡಿಯನ್ನು ಬಚ್ಚಿಟ್ಟು ಕದ್ದುತಂದನು. ಆ ಕಾಂಡದ ಒಳಗಿನ ತಿರುಳು ನಿಧಾನವಾಗಿ ಕನಲುತ್ತದೆ, ಹೊರಸಿಪ್ಪೆ ಸುಡುವುದಿಲ್ಲ. ಕವಿ ಹಳ್ಳಿಯವನೆಂಬುದಕ್ಕೆ ಈ ಒಂದು ವಿವರ ಸಾಕು. ಬೆಂಕಿಗೆ ಪ್ರತಿಯಾಗಿ ಜೀಯಸ್ ಮನುಷ್ಯರಿಗೆ ಒಂದು ಕೇಡನ್ನು ಮಾಡಿಸಿದನು. ಕಮ್ಮಾರದೇವತೆ ಹೆಫೀಸ್ಟಸ್ ಮಣ್ಣಿಗೆ ನೀರು ಕಲಸಿ ಕನ್ಯೆಯ ರೂಪ ಕೊಟ್ಟನು, ಅಥೀನಾ ಉಡುಗೆ ತೊಡಿಸಿ ನೇಯ್ಗೆ ಕಲಿಸಿದಳು, ಆಫ್ರೊಡೈಟಿ ಚೆಲುವನ್ನಿತ್ತಳು, ಹರ್ಮಿಸ್ ಮಾತನ್ನೂ ಕಪಟವನ್ನೂ ಇಟ್ಟನು. ದೇವತೆಗಳೆಲ್ಲರ ಕೊಡುಗೆಯೆಂಬ ಕಾರಣಕ್ಕೆ ಅವಳಿಗೆ ಪಂಡೋರ ಎಂದು ಹೆಸರಾಯಿತು. ಜೀಯಸನ ಉಡುಗೊರೆಯನ್ನು ಮುಟ್ಟಬೇಡವೆಂದು ಅಣ್ಣನು ಎಚ್ಚರಿಸಿದ್ದರೂ ಎಪಿಮಿಥಿಯಸ್ ಅವಳನ್ನು ಸ್ವೀಕರಿಸಿದನು. ಪ್ರೊಮಿಥಿಯಸ್ ಎಂದರೆ ಮುಂದಾಲೋಚನೆಯವನು, ಎಪಿಮಿಥಿಯಸ್ ಎಂದರೆ ಹಿಂದಿನಿಂದ ಯೋಚಿಸುವವನು. ಅವಳು ಪಾತ್ರೆಯ ಮುಚ್ಚಳ ತೆಗೆದಳು. ರೋಗರುಜಿನಗಳೂ ದುಡಿಮೆಯ ಸಂಕಟಗಳೂ ಹೊರಬಿದ್ದು ಲೋಕವನ್ನು ತುಂಬಿದವು.

ಈ ಪಾತ್ರೆಯನ್ನು ಪೆಟ್ಟಿಗೆಯೆಂದು ಹೇಳುವ ವಾಡಿಕೆ ಬಂದದ್ದು 16ನೆಯ ಶತಮಾನದಲ್ಲಿ ಎರಾಸ್ಮಸ್ ಎಂಬ ಡಚ್ ವಿದ್ವಾಂಸನ ಲ್ಯಾಟಿನ್ ಬರಹದಿಂದ. ಹೆಸಿಯಡ್ ಬಳಸಿರುವ ಪದ 'ಪಿಥೋಸ್'. ಅದು ಕಾಳು, ಎಣ್ಣೆ, ದ್ರಾಕ್ಷಾರಸಗಳನ್ನು ತುಂಬಿಡುವ, ಕೆಲವೊಮ್ಮೆ ಆಳೆತ್ತರವಿರುವ, ಅರ್ಧ ನೆಲದಲ್ಲಿ ಹೂತಿಡುತ್ತಿದ್ದ ಮಣ್ಣಿನ ಗುಡಾಣ. ಕನ್ನಡ ಓದುಗನಿಗೆ ಪೆಟ್ಟಿಗೆಗಿಂತ ಗುಡಾಣ ಹತ್ತಿರದ್ದು. ಒಕ್ಕಲುಮನೆಯಲ್ಲಿ ಗುಡಾಣದ ಬಾಯಿ ತೆರೆಯುವವಳು ಮನೆಯೊಡತಿ. ವರ್ಷದ ಅನ್ನ ಅವಳ ಕೈಯಲ್ಲಿ. ದುಡಿದು ಕೂಡಿಟ್ಟದ್ದು ಹೊಸದಾಗಿ ಬಂದ ಹೆಣ್ಣಿನ ಕೈಯಲ್ಲಿ ಸೋರಿಹೋದೀತೆಂಬ ಬಡ ರೈತನ ಭಯವೇ ಇಲ್ಲಿ ಜಗತ್ತಿನ ಪುರಾಣವಾಗಿ ಬೆಳೆದಂತಿದೆ. ದೇವತೆಗಳ ವಂಶಾವಳಿಯಲ್ಲಿ ಹೆಸಿಯಡ್ ಹೆಂಗಸರನ್ನು ಜೇನುಗೂಡಿನಲ್ಲಿ ಕುಳಿತು ಉಣ್ಣುವ ಸೋಮಾರಿ ಹುಳುಗಳಿಗೆ ಹೋಲಿಸಿರುವುದೂ ಇದೇ ಮನಸ್ಸಿನ ಮಾತು. ನೂಲುವ, ನೇಯುವ, ಬೀಸುವ ಕೆಲಸಗಳೆಲ್ಲ ಅವನ ಕಣ್ಣಿಗೆ ದುಡಿಮೆಯಾಗಿ ಕಾಣದೆಹೋದದ್ದು ಸೋಜಿಗ.

ಇನ್ನೊಂದು ಸಂಗತಿ ಗಮನಾರ್ಹ. ಪಂಡೋರ ಬರುವ ಮೊದಲೇ ಲೋಕದಲ್ಲಿ ಗಂಡಸರಿದ್ದರು. ಅವರು ಹೇಗೆ ಹುಟ್ಟಿದರೆಂದು ಈ ಕಥೆಯಲ್ಲಿ ಹೆಸಿಯಡ್ ಹೇಳುವುದೇ ಇಲ್ಲ. ಪ್ರೊಮಿಥಿಯಸನೇ ಮಣ್ಣಿನಿಂದ ಮನುಷ್ಯರನ್ನು ಮಾಡಿದನೆಂಬ ಪ್ರಸಿದ್ಧ ಕಥೆ ನಂತರದ ಕಾಲದ್ದು. ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ಫೋಕಿಸ್ ಪ್ರಾಂತದ ಪನೊಪಿಯಸ್ ಎಂಬ ಊರಿನಲ್ಲಿ ಮಣ್ಣಿನ ಬಣ್ಣದ ಎರಡು ದೊಡ್ಡ ಕಲ್ಲುಗಳಿದ್ದವೆಂದೂ, ಅವುಗಳಿಗೆ ಮನುಷ್ಯನ ಚರ್ಮದ ವಾಸನೆಯಿತ್ತೆಂದೂ, ಅವು ಪ್ರೊಮಿಥಿಯಸ್ ಬಳಸಿ ಉಳಿಸಿದ ಜೇಡಿಯೆಂದು ಜನ ಹೇಳುತ್ತಿದ್ದರೆಂದೂ ಬರೆದಿದ್ದಾನೆ. ಹೆಸಿಯಡನಿಗೆ ಮಾತ್ರ ಹುಟ್ಟಿನ ಪ್ರಶ್ನೆಗಿಂತ ಕಷ್ಟದ ಪ್ರಶ್ನೆಯೇ ದೊಡ್ಡದಾಗಿತ್ತು.

ಮೈಸೂರಿನ ಓದುಗನಿಗೆ ಪಂಡೋರಳ ನಿರ್ಮಾಣದ ಪ್ರಸಂಗ ಇನ್ನೊಂದನ್ನು ನೆನಪಿಗೆ ತಾರದಿರದು. ದೇವೀಮಾಹಾತ್ಮ್ಯದಲ್ಲಿ ಮಹಿಷಾಸುರನಿಂದ ಸೋತ ದೇವತೆಗಳ ತೇಜಸ್ಸುಗಳು ಒಟ್ಟುಗೂಡಿ ಒಬ್ಬ ಸ್ತ್ರೀಯಾಗುತ್ತವೆ. ಒಬ್ಬನು ತ್ರಿಶೂಲವನ್ನೂ ಒಬ್ಬನು ಚಕ್ರವನ್ನೂ ಒಬ್ಬನು ವಜ್ರವನ್ನೂ, ಮತ್ತೊಬ್ಬನು ಆಭರಣಗಳನ್ನೂ ಕೊಟ್ಟು ಅವಳನ್ನು ಅಣಿಗೊಳಿಸುತ್ತಾರೆ. ಮಹಿಷನ ಹೆಸರಿನ ಊರೂ ಚಾಮುಂಡಿಯ ಬೆಟ್ಟವೂ ಈ ಕಥೆಯನ್ನು ನೆಲಕ್ಕೆ ಕಟ್ಟಿಹಾಕಿವೆ. ಕಥೆಯ ಕಟ್ಟು ಎರಡರಲ್ಲಿಯೂ ಒಂದೇ: ದೇವತೆಗಳೆಲ್ಲರೂ ಕೂಡಿ, ಒಬ್ಬೊಬ್ಬರೂ ಒಂದೊಂದನ್ನು ಕೊಟ್ಟು ರೂಪಿಸಿದ ಹೆಣ್ಣು. ಆದರೆ ಒಬ್ಬಳನ್ನು ಕಳುಹಿಸಿದ್ದು ಕೇಡನ್ನು ತರಲು, ಇನ್ನೊಬ್ಬಳನ್ನು ಕರೆದದ್ದು ಕೇಡನ್ನು ಕಳೆಯಲು. ಎಲ್ಲರ ಕೊಡುಗೆಯನ್ನು ಪಡೆದ ಹೆಣ್ಣು ಭಯಂಕರಳೆಂಬುದರಲ್ಲಿ ಎರಡು ಪರಂಪರೆಗಳಿಗೂ ಭಿನ್ನಾಭಿಪ್ರಾಯವಿಲ್ಲ. ಆ ಭಯ ಯಾರಿಗೆ ಎಂಬಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ.

ಶಿಷ್ಟ ಪುರಾಣದಿಂದ ಜನಪದಕ್ಕೆ ಬಂದರೆ ಚಿತ್ರ ಇನ್ನೂ ಗಾಢವಾಗುತ್ತದೆ. ಹಳೆಯ ಮೈಸೂರಿನ ಸೀಮೆ ದೀರ್ಘ ಮೌಖಿಕ ಕಾವ್ಯಗಳ ನೆಲ. ಕಂಸಾಳೆಯ ದೇವರಗುಡ್ಡರು ಮಲೆಯ ಮಾದೇಶ್ವರನ ಕಾವ್ಯವನ್ನೂ, ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನೂ ರಾತ್ರಿಯಿಡೀ ಹಾಡುತ್ತಾರೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಮಾದೇಶ್ವರ ಕಾವ್ಯ 1970ರ ದಶಕದಲ್ಲಿ ಅಚ್ಚಾದ ಮೇಲೆ ಈ ಪರಂಪರೆಯ ವಿಸ್ತಾರ ವಿದ್ವಲ್ಲೋಕಕ್ಕೆ ತಿಳಿಯಿತು. ಕನ್ನಡ ಜನಪದದಲ್ಲಿ ಆದಿಶಕ್ತಿಯ ಅಥವಾ ಅಮ್ಮನವರ ಸೃಷ್ಟಿಕಥೆ ಹಲವು ಪಾಠಗಳಲ್ಲಿ ಪ್ರಚಲಿತವಾಗಿದೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ (1929–1993) ತಮ್ಮ ಜಾನಪದ ಪ್ರಬಂಧದಲ್ಲಿ ಅದನ್ನು ಎತ್ತಿಕೊಂಡು ಜಗತ್ತಿನ ಓದುಗರ ಮುಂದಿಟ್ಟರು.

ಎಲ್ಲಕ್ಕಿಂತ ಮೂರು ದಿನ ಮೊದಲು ಅಮ್ಮನವರು ಹುಟ್ಟಿದಳು. ಬೇಗಬೇಗ ಬೆಳೆದು ಮೈನೆರೆದು ಗಂಡನ್ನು ಬಯಸಿದಳು. ಬೇರಾರೂ ಇಲ್ಲದ್ದರಿಂದ ತನ್ನೊಳಗಿನಿಂದಲೇ ಬ್ರಹ್ಮನನ್ನು ಪಡೆದು ತನ್ನನ್ನು ಕೂಡೆಂದಳು. ನೀನು ತಾಯಿ, ಅದು ಹೇಗಾದೀತೆಂದು ಅವನು ಹಿಂಜರಿಯಲು ಅಂಗೈಯ ಉರಿಗಣ್ಣಿನಿಂದ ಸುಟ್ಟು ಬೂದಿ ಮಾಡಿದಳು. ಮರುದಿನ ವಿಷ್ಣುವಿಗೂ ಅದೇ ಗತಿಯಾಯಿತು. ಮೂರನೆಯ ದಿನ ಹುಟ್ಟಿದ ಶಿವನು ಎರಡು ಬೂದಿಗುಡ್ಡೆಗಳನ್ನು ಕಂಡು ಉಪಾಯ ಹೂಡಿದನು. ಗಂಡನಾದವನು ನಿನಗೆ ಸಮನಾಗಿರಬೇಡವೇ, ನಿನ್ನ ವಿದ್ಯೆಗಳನ್ನೆಲ್ಲ ಕಲಿಸು ಎಂದು ಕೇಳಿದನು. ಅವಳು ಹಿಗ್ಗಿ ಎಲ್ಲವನ್ನೂ ಧಾರೆಯೆರೆದಳು. ಬಳಿಕ ಇಬ್ಬರೂ ಕುಣಿತಕ್ಕೆ ನಿಂತರು. ಅವನು ಮಾಡಿದಂತೆ ಅವಳು ಮಾಡಬೇಕೆಂಬುದು ಪಣ. ಕುಣಿಯುತ್ತ ಶಿವನು ತಲೆಯ ಮೇಲೆ ಕೈಯಿಟ್ಟುಕೊಂಡನು, ಅವಳೂ ಇಟ್ಟಳು, ತನ್ನ ಅಂಗೈಯ ಉರಿಯಲ್ಲಿ ತಾನೇ ಬೆಂದಳು. ಬೇಯುವಾಗ, ಹೆಣ್ಣನ್ನು ಒಲ್ಲೆನೆಂದ ನಿನ್ನ ಅರ್ಧ ಮೈ ಹೆಣ್ಣಾಗಲಿ ಎಂದು ಶಪಿಸಿದಳು. ನೆಲೆ ತಪ್ಪಿದ ಉರಿಗಣ್ಣು ಶಿವನ ಹಣೆಯಲ್ಲಿ ಸೇರಿತು. ಅವನು ಅಣ್ಣಂದಿರನ್ನು ಎಬ್ಬಿಸಿದನು. ಲೋಕವನ್ನು ಸೃಷ್ಟಿಸಲು ಹೆಣ್ಣು ಬೇಕಾದಾಗ ತಾಯಿಯ ಬೂದಿಯನ್ನು ಮೂರು ಪಾಲು ಮಾಡಿ ಜೀವ ಕೊಟ್ಟರು. ಅವರೇ ಸರಸ್ವತಿ, ಲಕ್ಷ್ಮಿ, ಪಾರ್ವತಿಯರು.

ತಲೆಯ ಮೇಲೆ ಕೈಯಿಡಿಸುವ ಕುಣಿತ ಭಸ್ಮಾಸುರನ ಕಥೆಯಿಂದ ಎಲ್ಲರಿಗೂ ಗೊತ್ತಿರುವುದೇ. ಅಲ್ಲಿ ಹೆಣ್ಣುವೇಷದ ವಿಷ್ಣು ಗಂಡನ್ನು ಸುಡಿಸಿದರೆ ಇಲ್ಲಿ ಗಂಡು ತಾಯಿಯನ್ನು ಸುಡಿಸುತ್ತಾನೆ. ಆದರೆ ಇಲ್ಲಿಯ ವಿಚಾರಕ್ಕೆ ಮುಖ್ಯವಾದದ್ದು ಬೆಂಕಿ. ಹೆಸಿಯಡನಲ್ಲಿ ಬೆಂಕಿ ದೇವತೆಗಳ ಒಡೆಯನಿಂದ ಮನುಷ್ಯರಿಗೆ ಕಳವಿನಿಂದ ಬರುತ್ತದೆ; ಅಮ್ಮನವರ ಕಥೆಯಲ್ಲಿ ಅದು ತಾಯಿಯಿಂದ ಮಗನಿಗೆ ಮೋಸದಿಂದ ಬರುತ್ತದೆ. ಎರಡರಲ್ಲಿಯೂ ಬೆಂಕಿ ಕೈಬದಲಾದ ಕೂಡಲೇ ಹೊಸ ಹೆಣ್ಣನ್ನು ಮಾಡಲಾಗುತ್ತದೆ. ಗ್ರೀಕ್ ಹೆಣ್ಣು ಒದ್ದೆ ಮಣ್ಣಿನಿಂದ, ಕನ್ನಡದ ಹೆಣ್ಣು ತಾಯಿಯ ಬೂದಿಯಿಂದ. ಉರಿ ಕಳೆದುಕೊಂಡ, ಅಧಿಕಾರ ಹಂಚಿಹೋದ, ಮದುವೆಗೆ ಸಿದ್ಧಳಾದ ಹೆಣ್ಣು ಅದು. ಗ್ರೀಕ್ ಕಥೆಯಲ್ಲಿ ಹೆಣ್ಣು ಕೊನೆಗೆ ಬಂದು ಕಷ್ಟ ತಂದಳು. ಇಲ್ಲಿ ಹೆಣ್ಣು ಮೊದಲು ಬಂದು ಎಲ್ಲವನ್ನೂ ತಂದಳು, ಕಳೆದುಕೊಂಡವಳೂ ಅವಳೇ. ಗಂಡಿನ ಒಡೆತನ ಕಪಟದಿಂದ ದಕ್ಕಿದ್ದೆಂಬ ಸಂಗತಿಯನ್ನು ಜನಪದ ಕಥೆ ಮುಚ್ಚಿಡುವುದಿಲ್ಲ, ಶಾಪವನ್ನೂ ಅಳಿಸುವುದಿಲ್ಲ.

ಹಾಗಾದರೆ ಗ್ರೀಸಿನಲ್ಲಿಯೂ ಪಂಡೋರಳ ಹಿಂದೆ ಇಂಥದೊಬ್ಬ ತಾಯಿ ಇದ್ದಳೇ? ಬ್ರಿಟಿಷ್ ವಿದುಷಿ ಜೇನ್ ಹ್ಯಾರಿಸನ್ 1903ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೌದೆಂದು ವಾದಿಸಿದರು. 'ಪಂಡೋರ' ಎಂಬ ಹೆಸರಿಗೆ 'ಎಲ್ಲವನ್ನೂ ಕೊಡುವವಳು' ಎಂಬ ಅರ್ಥವೂ ಸಲ್ಲುತ್ತದೆ. ಅದು ಭೂಮಿತಾಯಿಯ ಬಿರುದು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಕ್ರಿ.ಪೂ. 460ರ ಸುಮಾರಿನ ಬಟ್ಟಲೊಂದರಲ್ಲಿ ಅಥೀನಾ ಮತ್ತು ಹೆಫೀಸ್ಟಸ್ ಅಲಂಕರಿಸುತ್ತಿರುವ ಕನ್ಯೆಯ ಪಕ್ಕದಲ್ಲಿ ಬರೆದಿರುವುದು ಪಂಡೋರ ಎಂದಲ್ಲ, 'ಅನೆಸಿಡೋರ' ಎಂದು. ಕೊಡುಗೆಗಳನ್ನು ಕೆಳಗಿನಿಂದ ಮೇಲಕ್ಕೆ ಕಳುಹಿಸುವವಳು, ಅರ್ಥಾತ್ ನೆಲದಿಂದ ಬೆಳೆ ಏಳಿಸುವವಳು ಎಂದು ಅದರ ಅರ್ಥ. ಹ್ಯಾರಿಸನ್ನರ ವಾದವನ್ನು ಇಂದು ಎಲ್ಲರೂ ಇಡಿಯಾಗಿ ಒಪ್ಪುವುದಿಲ್ಲವಾದರೂ, ಆ ಒಂದು ಹೆಸರು ಹೆಸಿಯಡನ ಆರೋಪಪಟ್ಟಿಯ ಅಡಿಯಲ್ಲಿ ಹಳೆಯ ಬರಹವೊಂದು ಅಳಿಸಿದಂತಿರುವುದನ್ನು ತೋರಿಸುತ್ತದೆ. ಕೊಡುವವಳನ್ನು ಕೊಡಲ್ಪಟ್ಟವಳಾಗಿ ತಿರುಗಿಸಿದ್ದು ಬೂದಿಯನ್ನು ಮೂರು ಪಾಲು ಮಾಡಿದ್ದಕ್ಕಿಂತ ಬಹಳ ಬೇರೆಯಲ್ಲ.

ಪ್ರಳಯದ ಕಥೆಯಲ್ಲಿ ಆ ತಾಯಿ ಮತ್ತೆ ಇಣುಕುತ್ತಾಳೆ. ಜೀಯಸ್ ತಂದ ನೆರೆಯಲ್ಲಿ ಪ್ರೊಮಿಥಿಯಸನ ಮಗ ಡ್ಯೂಕಾಲಿಯನ್ ಮತ್ತು ಅವನ ಹೆಂಡತಿ ಪಿರ್ರಾ ಮಾತ್ರ ಉಳಿದು, ಒಂಬತ್ತು ದಿನಗಳ ಮೇಲೆ ಪರ್ನಾಸಸ್ ಬೆಟ್ಟವನ್ನು ಮುಟ್ಟಿದರು. ರೋಮನ್ ಕವಿ ಓವಿಡ್ ಹೇಳುವಂತೆ, ತಾಯಿಯ ಮೂಳೆಗಳನ್ನು ಬೆನ್ನ ಹಿಂದಕ್ಕೆ ಎಸೆಯಿರೆಂದು ಅವರಿಗೆ ದೈವವಾಣಿಯಾಯಿತು. ಪಿರ್ರಾ ನಡುಗಿದಳು, ಆಮೇಲೆ ತಾಯಿಯೆಂದರೆ ಭೂಮಿ, ಮೂಳೆಯೆಂದರೆ ಕಲ್ಲು ಎಂದು ಹೊಳೆಯಿತು. ಅವನು ಎಸೆದ ಕಲ್ಲುಗಳು ಗಂಡಸರಾದವು, ಅವಳು ಎಸೆದವು ಹೆಂಗಸರಾದವು. ಇಲ್ಲಿ ಹೆಣ್ಣು ಹಿಂದಿನಿಂದ ಬಂದ ಶಿಕ್ಷೆಯಲ್ಲ. ಗಂಡಿನ ಜೊತೆಯಲ್ಲೇ ಎದ್ದವಳು. ಪಿರ್ರಾ ಪಂಡೋರಳ ಮಗಳು ಎಂಬುದನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಶತಪಥ ಬ್ರಾಹ್ಮಣದ ಮನುವೂ ನೆರೆಯಿಂದ ಉಳಿದವನೇ. ಅವನಿಗೆ ಮೀನಿನ ನೆರವಿತ್ತು, ಹೆಂಡತಿಯ ಜೊತೆಯಿರಲಿಲ್ಲ.

ಚಿನ್ನ, ಬೆಳ್ಳಿ, ಕಂಚು, ವೀರರು, ಕಬ್ಬಿಣ ಎಂದು ಹೆಸಿಯಡ್ ಹೇಳುವ ಐದು ಪೀಳಿಗೆಗಳನ್ನು ನಮ್ಮ ನಾಲ್ಕು ಯುಗಗಳೊಡನೆ ಹೋಲಿಸುವುದು ಹಳೆಯ ರೂಢಿ, ಅದನ್ನಿಲ್ಲಿ ಬೆಳೆಸಬೇಕಾಗಿಲ್ಲ. ಕಳೆದುಹೋದ ಒಂದು ಗ್ರೀಕ್ ಮಹಾಕಾವ್ಯದ ಉಳಿದ ಸಾಲುಗಳಲ್ಲಿ ಮಾತ್ರ ಒಂದು ಅಪೂರ್ವ ಸಾಮ್ಯವಿದೆ. ಜನಭಾರದಿಂದ ಬಳಲಿದ ಭೂಮಿಯ ಮೇಲೆ ಕನಿಕರಿಸಿ ಜೀಯಸ್ ಟ್ರಾಯ್ ಯುದ್ಧವನ್ನು ಹೂಡಿದನೆಂದು ಅಲ್ಲಿ ಬರುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಭೂದೇವಿ ಬ್ರಹ್ಮನ ಬಳಿ ಮೊರೆಯಿಡುವುದೂ ಇದಕ್ಕಾಗಿಯೇ. ಈ ಕಥೆಗಳಲ್ಲಿ ಕಷ್ಟ ಮನುಷ್ಯನಿಗೆ ಬಂದದ್ದಲ್ಲ; ತಾಯಿಗೆ ಮನುಷ್ಯನೇ ಕಷ್ಟ.

ಮತ್ತೆ ರಾಜೀವನಗರಕ್ಕೆ ಬಂದರೆ, ಅಲ್ಲಿಯ ಮನೆಗಳಲ್ಲಿಯೂ ಮದರಸಾಗಳಲ್ಲಿಯೂ ಮಕ್ಕಳು ಕಲಿಯುವ ಆದಮನ ವೃತ್ತಾಂತದಲ್ಲಿ ಬೆಂಕಿ ಮತ್ತು ಮಣ್ಣು ಎದುರುಬದುರಾಗಿ ನಿಲ್ಲುತ್ತವೆ. ಕುಂಬಾರನ ಮಡಕೆಯಂತೆ ಸದ್ದುಮಾಡುವ ಒಣ ಜೇಡಿಯಿಂದ ಆದಮನನ್ನು ಸೃಷ್ಟಿಸಿದ ಅಲ್ಲಾಹನು ಅವನಿಗೆ ವಸ್ತುಗಳ ಹೆಸರುಗಳನ್ನು ಕಲಿಸಿ, ಮಲಕ್‌ಗಳಿಗೆ ಅವನ ಮುಂದೆ ಬಾಗಲು ಆಜ್ಞಾಪಿಸಿದನು. ಇಬ್ಲೀಸನು ಒಪ್ಪಲಿಲ್ಲ, ತಾನು ಬೆಂಕಿಯಿಂದ ಆದವನು, ಇವನು ಮಣ್ಣಿನವನು ಎಂಬುದು ಅವನ ವಾದ. ಗ್ರೀಕ್ ಕಥೆಯಲ್ಲಿ ಮನುಷ್ಯನನ್ನು ಮೇಲೆತ್ತಿದ ಬೆಂಕಿ ಇಲ್ಲಿ ಅಹಂಕಾರದ ಧಾತು, ಬಾಗಿಸಿಕೊಂಡದ್ದು ಮಣ್ಣು. ಅದಕ್ಕಿಂತಲೂ ಮುಖ್ಯವಾದುದು ತಪ್ಪಿನ ಹಂಚಿಕೆ. ಕುರಾನಿನಲ್ಲಿ ನಿಷಿದ್ಧ ಮರದ ಫಲವನ್ನು ಗಂಡಹೆಂಡಿರಿಬ್ಬರೂ ತಿನ್ನುತ್ತಾರೆ. ಒಂದೆಡೆ ಶೈತಾನನು ಪಿಸುಗುಟ್ಟುವುದು ಆದಮನಿಗೇ. ಇಬ್ಬರೂ ಸೇರಿ ತಪ್ಪೊಪ್ಪಿಕೊಂಡು ಕ್ಷಮೆ ಬೇಡುತ್ತಾರೆ, ಕ್ಷಮೆ ಸಿಗುತ್ತದೆ, ಆದರೂ ಭೂಮಿಗೆ ಇಳಿಯಬೇಕಾಗುತ್ತದೆ. ಹೆಣ್ಣೇ ಮೊದಲು ತಿಂದು ಗಂಡಿಗೆ ಕೊಟ್ಟಳೆಂಬುದು ಬೈಬಲಿನ ಪಾಠ. ಯುರೋಪಿನಲ್ಲಿ ಆ ಪಾಠವೂ ಹೆಸಿಯಡನ ಕಥೆಯೂ ಬೆರೆತುಹೋದುವು. 16ನೆಯ ಶತಮಾನದ ಫ್ರೆಂಚ್ ಚಿತ್ರಕಾರ ಜಾನ್ ಕೂಸ್ಯಾನನ ಚಿತ್ರವೊಂದರಲ್ಲಿ ಈವಳೇ ಮೊದಲ ಪಂಡೋರ ಎಂದು ಬರೆದೇ ಇದೆ. ನೆರೆಯ ಎರಡು ಧರ್ಮಗಳ ಒಂದೇ ಕಥೆಯಲ್ಲಿ ಆರೋಪದ ಭಾರ ಹೀಗೆ ಬೇರೆಯಾಗಿ ಹಂಚಿಕೆಯಾದುದನ್ನು ತೌಲನಿಕ ಅಧ್ಯಯನಗಳು ಇನ್ನಷ್ಟು ಗಮನಿಸಬೇಕಾಗಿತ್ತು.

ಗುಡಾಣದಿಂದ ಹೊರಬಿದ್ದ ರೋಗಗಳ ಬಗ್ಗೆ ಹೆಸಿಯಡ್ ಒಂದು ವಿಚಿತ್ರ ಮಾತನ್ನು ಹೇಳಿದ್ದಾನೆ. ಅವು ಹಗಲಿರುಳು ತಾವಾಗಿಯೇ, ಸದ್ದಿಲ್ಲದೆ ಬರುತ್ತವೆ. ಏಕೆಂದರೆ ಜೀಯಸ್ ಅವುಗಳ ದನಿಯನ್ನು ಕಿತ್ತುಕೊಂಡಿದ್ದಾನೆ. ಮೂಕ ರೋಗದೊಡನೆ ಮಾತಾಡುವಂತಿಲ್ಲ, ಕೇಳಿಕೊಳ್ಳುವಂತಿಲ್ಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ರೋಗ ಮೂಕವಲ್ಲ. ಸಿಡುಬು ಎದ್ದರೆ 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಆ ಸಿಡುಬು ಜಗತ್ತಿನಿಂದ ತೊಲಗಿತೆಂದು 1980ರಲ್ಲಿ ಘೋಷಣೆಯಾದ ಮೇಲೂ ಸೀತಾಳೆ ಸಿಡುಬಿಗೆ ಆ ಮಾತು ಉಳಿದಿದೆ. ಬೇವಿನ ಸೊಪ್ಪು, ತಂಬಿಟ್ಟು, ತಣ್ಣನೆಯ ಅನ್ನ, ಮನೆಯಲ್ಲಿ ಮೆಲುದನಿ, ಇವೆಲ್ಲ ಬಂದ ಅತಿಥಿಗೆ ಸಲ್ಲುವ ಮರ್ಯಾದೆಗಳು. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗ್ ಬಂದಾಗ ಜನ ಅದಕ್ಕೂ ಒಬ್ಬ ಅಮ್ಮನನ್ನು ಕಂಡುಕೊಂಡರು. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಇದು ವೈದ್ಯವಲ್ಲ, ಮದ್ದಿಲ್ಲದ ಕಾಲದಲ್ಲಿ ಎಷ್ಟೋ ಜೀವಗಳು ಹೋದದ್ದು ನಿಜ. ಆದರೆ ರೋಗವನ್ನು ತಂದವಳೂ ಒಯ್ಯುವವಳೂ ಒಬ್ಬಳೇ ಆದಾಗ ಅವಳನ್ನು ದೂರಿ ಹೊರಗೆ ನಿಲ್ಲಿಸುವುದಾಗುವುದಿಲ್ಲ, ಮಾತಾಡಿಸಲೇಬೇಕಾಗುತ್ತದೆ. ಸುಟ್ಟುಹೋದ ಅಮ್ಮನವರು ಊರಬಾಗಿಲಿನಲ್ಲಿ ಹೀಗೆ ಉಳಿದಳೆಂದು ತೋರುತ್ತದೆ.

ಹೆಸಿಯಡನ ಗುಡಾಣದಲ್ಲಿ ಒಂದು ಮಾತ್ರ ಉಳಿಯಿತು. ಪಂಡೋರ ಮುಚ್ಚಳ ಹಾಕುವಾಗ ಕಂಠದ ಅಂಚಿನ ಕೆಳಗೆ ಸಿಕ್ಕಿಕೊಂಡ ಅದರ ಹೆಸರು 'ಎಲ್ಪಿಸ್'. ಕಷ್ಟಗಳು ಹೊರಬಂದು ಮನುಷ್ಯರನ್ನು ತಲುಪಿದುವೆಂದರೆ, ಒಳಗೆ ಉಳಿದದ್ದು ಮನುಷ್ಯರಿಗೆ ದಕ್ಕಿತೇ ಅಥವಾ ದಕ್ಕದೆ ಹೋಯಿತೇ? ಕಷ್ಟಗಳ ಗುಡಾಣದಲ್ಲಿ ಇದ್ದ ಕಾರಣ ಅದೂ ಒಂದು ಕಷ್ಟವೇ? ಪ್ರಾಚೀನ ಕಾಲದಿಂದಲೂ ವ್ಯಾಖ್ಯಾನಕಾರರು ಇದನ್ನು ಚರ್ಚಿಸುತ್ತ ಬಂದಿದ್ದಾರೆ. ಈಸ್ಕಿಲಸನದೆಂದು ಹೇಳಲಾಗುವ ಪ್ರೊಮಿಥಿಯಸನ ನಾಟಕದಲ್ಲಿ, ತಮ್ಮ ಸಾವಿನ ಗಳಿಗೆಯನ್ನು ಮುಂಗಾಣುತ್ತಿದ್ದ ಮನುಷ್ಯರಿಗೆ ತಾನು ಬೆಂಕಿಗೂ ಮೊದಲು ಕುರುಡು ಎಲ್ಪಿಸ್‌ಗಳನ್ನು ಕೊಟ್ಟೆನೆಂದು ಅವನು ಹೇಳಿಕೊಳ್ಳುತ್ತಾನೆ. ಕನ್ನಡದಲ್ಲಿ ಹೇಳಹೊರಟವನಿಗೆ ತೊಡಕು ಇಲ್ಲಿಯೇ. 'ಭರವಸೆ' ಎಂದರೆ ತೀರ ಗಟ್ಟಿಯಾಗುತ್ತದೆ. ಗ್ರೀಕ್ ಪದಕ್ಕೆ ಕೇಡಿನ ನಿರೀಕ್ಷೆಯೂ ಸಲ್ಲುತ್ತದೆ. 'ನಿರೀಕ್ಷೆ' ಎಂದರೆ ಬಿಸಿ ಹೋಗುತ್ತದೆ. 'ಆಸೆ' ಎಂಬ ಪದದಲ್ಲಿ ಮಾತ್ರ ಬದುಕಿಸುವುದೂ ಕೆಡಿಸುವುದೂ ಎರಡೂ ಇವೆ. ಬೆಳೆ ಕೈಕೊಟ್ಟ ವರ್ಷ ಗುಡಾಣದ ತಳದಲ್ಲಿ ಮುಂದಿನ ಬಿತ್ತನೆಗೆಂದು ಹಿಡಿ ಕಾಳನ್ನು ತಿನ್ನದೆ ಉಳಿಸುವ ಒಕ್ಕಲು ಹೆಂಗಸೂ ಆ ಪದವನ್ನೇ ಬಳಸುತ್ತಾಳೆ.